ನೀಲಕ್ಕನಿಗೂ ಕೇಳಿಸುವ ಪ್ರಾರ್ಥನೆ

ಮಕ್ಕಳಿಗೆ ಸೈಕಲ್ ಕಲಿಸಿದರೆ ಅವರು ಎಷ್ಟು ಕಲಿತರು ಎನ್ನುವುದು ಅವರ ಮಂಡಿ ನೋಡಿದರೆ ತಿಳಿಯುತ್ತದೆ. ಮಗ್ಗಿ ಕಲಿಸಿದರೆ ನಡುವಿನಿಂದ ಒಂದು ಪ್ರಶ್ನೆ ಎತ್ತಿ ಕೇಳಿದರಾಯಿತು. ಪ್ರಾರ್ಥನೆ ಕಲಿಸಿದರೆ ಮಾತ್ರ ಕಲಿಸಿದವನಿಗೆ ಏನೂ ಗೊತ್ತಾಗುವುದಿಲ್ಲ. ಮಕ್ಕಳು ಕಣ್ಣು ಮುಚ್ಚಿರುತ್ತಾರೆ, ಕೈ ಮುಗಿದಿರುತ್ತಾರೆ, ತುಟಿ ಅಲ್ಲಾಡುತ್ತಿರುತ್ತದೆ. ಒಳಗೆ ನಡೆಯುತ್ತಿರುವುದೇನು ಎಂಬುದು ಆ ದೇವರಿಗೇ ಗೊತ್ತು. ದೇವರ ಮಟ್ಟಿಗೆ ಇದು ಸರಿಯಾದ ಏರ್ಪಾಡೇ. ಆದರೆ ನನ್ನಂಥ ಅಪ್ಪನಿಗೆ ಅಷ್ಟು ಸಾಲದೆ ಹೋಯಿತು. ನನಗೂ ಗೊತ್ತಾಗಬೇಕು, ಗೊತ್ತಾದ ಮೇಲೆ ನಾನೂ ಒಂದು ಮಾತು ಹೇಳಬೇಕು ಎಂದು ಹೊರಟೆ. ಹಾಗೆ ಹೊರಟವನು ಈಗ ನನ್ನ ಮಗಳ ಪ್ರಾರ್ಥನೆ ನನ್ನೊಬ್ಬನಿಗೆ ಬಿಟ್ಟು ಮಿಕ್ಕವರಿಗೆಲ್ಲ ಕೇಳಿಸುವ ಸ್ಥಿತಿ ತಂದುಕೊಂಡು ಕೂತಿದ್ದೇನೆ. ಅದನ್ನು ನಿಮ್ಮ ಹತ್ತಿರವಾದರೂ ಹೇಳಿಕೊಳ್ಳೋಣ ಎಂದು ಈ ಬರಹ.

ನಾನು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಅಪ್ಪ ಅಮ್ಮ ಇಟ್ಟ ಹೆಸರು ಸ್ಯಾಮ್ಯುಯೆಲ್. ಊರಿನವರ ಬಾಯಲ್ಲಿ ಅದು ಸವೆದು ಸವೆದು ಸಾಮಣ್ಣ ಆಗಿದೆ. ಮೊದಲು ಕಂಡಕ್ಟರ್ ಆಗಿ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗಿ ಬಂದು ಮಾಡುತ್ತಿದ್ದೆ. ಮಂಡಿ ಕೈಕೊಟ್ಟ ಮೇಲೆ ನನ್ನನ್ನು ಒಂದು ಗೂಡಿನಲ್ಲಿ ಕೂರಿಸಿ ಕೈಗೆ ಮೈಕು ಕೊಟ್ಟರು. ಊಟಿಗೆ ಹೋಗುವ ಹೊಸ ಜೋಡಿಗಳು, ಬತ್ತೇರಿಗೆ ಹೋಗುವ ಮಲಯಾಳಿಗಳು, ಟೊಮೇಟೊ ಕ್ರೇಟಿನ ಮೇಲೆ ಕೂತು ತೂಕಡಿಸುವ ರೈತರು, ಎಲ್ಲರಿಗೂ ನನ್ನ ಮಾತು ಕೇಳಿಸಲೇಬೇಕು. ಮೈಕು ಕೆಟ್ಟ ದಿನವೂ ಕೇಳಿಸಬೇಕು. ಅದು ಕೆಡದ ದಿನಗಳು ಕಡಿಮೆ. ಹೀಗೆ ಕೂಗಿ ಕೂಗಿ ನನ್ನ ಗಂಟಲಿಗೆ ಮೆಲ್ಲಗೆ ಎಂಬುದೇ ಮರೆತುಹೋಗಿದೆ. ಮನೆಯಲ್ಲಿ ಊಟಕ್ಕೆ ಕೂತು "ಸ್ವಲ್ಪ ಉಪ್ಪು ಕೊಡೇ" ಎಂದರೆ ಪಕ್ಕದ ಮನೆಯ ನೀಲಕ್ಕ ತನ್ನ ಉಪ್ಪಿನ ಡಬ್ಬ ಹಿಡಿದುಕೊಂಡು ಬಾಗಿಲಿಗೆ ಬಂದದ್ದೂ ಉಂಟು. ಅವಳಿಗೂ ನಮಗೂ ನಡುವೆ ಇರುವುದು ಒಂದು ಕಿಟಕಿ, ಒಂದು ನುಗ್ಗೆಮರ, ಅವಳ ಹಸು.

ನಮ್ಮದು ಕ್ರೈಸ್ತ ಕುಟುಂಬ. ಸಂಜೆ ದೀಪ ಹಾಕಿದ ಮೇಲೆ, ಊಟಕ್ಕೆ ಮುಂಚೆ, ಹಜಾರದಲ್ಲಿ ಚಾಪೆ ಹಾಸಿಕೊಂಡು ಮನೆಮಂದಿಯೆಲ್ಲ ಕೂರುತ್ತೇವೆ. ಒಂದು ಕೀರ್ತನೆ, ಒಂದು ಅಧ್ಯಾಯ, ಆಮೇಲೆ ಒಬ್ಬೊಬ್ಬರಾಗಿ ಪ್ರಾರ್ಥನೆ. ಕಿರಿಯರಿಂದ ಶುರು. ಮೊದಲು ಮೂರನೇ ಕ್ಲಾಸಿನ ಮಗಳು ಕೃಪಾ, ಆಮೇಲೆ ಏಳನೇ ಕ್ಲಾಸಿನ ಮಗ ಆಶೀಶ್, ಆಮೇಲೆ ನನ್ನ ಹೆಂಡತಿ ಸುಗುಣ, ಕೊನೆಗೆ ನಾನು. ಕೊನೆಯ ಸರದಿ ಯಜಮಾನನ ಹಕ್ಕು. ಅದರ ಅನುಕೂಲ ಏನೆಂದು ಗೊತ್ತಾಗಲು ನೀವು ಯಜಮಾನರಾಗಬೇಕು. ಮುಂಚಿನವರು ದೇವರಿಗೆ ಏನೇನು ಹೇಳಿದರೋ ಅದಕ್ಕೆಲ್ಲ ದೇವರ ಕಡೆಯಿಂದ ನಾನೇ ಉತ್ತರ ಕೊಟ್ಟು ಮುಗಿಸಬಹುದು. ಕಣ್ಣು ಮುಚ್ಚಿ ಕೂತವರು ಎದುರು ಮಾತಾಡುವಂತಿಲ್ಲ.

"ಕರ್ತನೇ, ಪುಸ್ತಕ ಮುಚ್ಚಿಟ್ಟು ಮೊಬೈಲು ಹಿಡಿಯುವ ಕೈಗಳನ್ನು ನೀನೇ ತಡೆಯಬೇಕು" ಎಂದು ನಾನು ಪ್ರಾರ್ಥಿಸುತ್ತಿದ್ದೆ. ಮನೆಯಲ್ಲಿ ಅಂಥ ಕೈ ಯಾವುದು ಎಂಬುದು ಕರ್ತನಿಗೂ ಗೊತ್ತಿತ್ತು, ಆಶೀಶನಿಗೂ ಗೊತ್ತಿತ್ತು. ಮರುದಿನ ಸಂಜೆ ಅವನ ಸರದಿ ಬಂದಾಗ, "ದೇವರೇ, ಮೇಷ್ಟ್ರು ಹೋಂವರ್ಕನ್ನ ಮೊಬೈಲಲ್ಲೇ ಕಳಿಸ್ತಾರೆ ಅಂತ ನಿನಗೆ ಗೊತ್ತು, ಗೊತ್ತಿಲ್ದೋರಿಗೂ ತಿಳಿಸು" ಎನ್ನುತ್ತಿದ್ದ. ಸುಗುಣ ಚಾಮರಾಜನಗರದವಳು, ಮಾತು ಕಡಿಮೆ, ಜಗಳವಾಡುವುದಿಲ್ಲ. ಅವಳ ಪ್ರಾರ್ಥನೆ ಮಾತ್ರ ತುಂಬಾ ಸ್ಪಷ್ಟವಾಗಿರುತ್ತಿತ್ತು. "ತಂದೆಯೇ, ಗ್ಯಾಸ್ ಬುಕ್ ಮಾಡ್ತೀನಿ ಅಂತ ಹೇಳಿ ಮರೆಯುವವರಿಗೆ ಒಳ್ಳೆ ಜ್ಞಾಪಕಶಕ್ತಿ ದಯಪಾಲಿಸು." ನಾನು ಬಿಡುತ್ತೇನೆಯೇ? "ಹಗಲೆಲ್ಲ ಬಿಸಿಲಲ್ಲಿ ನಿಂತು ದುಡಿಯುವವರ ಕಷ್ಟ ಅರಿಯುವ ಹೃದಯವನ್ನು ಮನೆಯವರಿಗೆ ಕೊಡು" ಎಂದು ನನ್ನ ಸರದಿಯಲ್ಲಿ ಸೇರಿಸಿದೆ. ಆಮೆನ್ ಆದ ತಕ್ಷಣ ಸುಗುಣ ಚಾಪೆ ಸುತ್ತುತ್ತಾ, "ಕೂತ್ಕೊಂಡಲ್ವಾ ನೀವು ಡ್ಯೂಟಿ ಮಾಡೋದು? ಫ್ಯಾನ್ ಬೇರೆ ಹಾಕಿಸ್ಕೊಂಡಿದ್ದೀರ" ಎಂದಳು.

ದೇವರು ಕೇಳಿಸಿಕೊಂಡನೋ ಇಲ್ಲವೋ, ನೀಲಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳು ಭೀಮನಬೀಡಿನಿಂದ ಮದುವೆಯಾಗಿ ಬಂದವಳು, ಗಟ್ಟಿ ಹೆಂಗಸು, ಒಂದು ದಿನವೂ ನಮ್ಮ ಮನೆಯ ವಿಚಾರಕ್ಕೆ ತಲೆಹಾಕಿದವಳಲ್ಲ. ಕಿವಿಗೆ ಬಿದ್ದದ್ದಕ್ಕೆ ಅವಳೇನು ಮಾಡಿಯಾಳು? ಬೆಳಗ್ಗೆ ನಾನು ಡ್ಯೂಟಿಗೆ ಹೊರಟರೆ ಹಸುವಿಗೆ ಕಲಗಚ್ಚು ಇಡುತ್ತಾ, "ಸಾಮಣ್ಣ, ಸಿಲಿಂಡರ್ ಬುಕ್ ಮಾಡ್ಬುಟ್ರಾ?" ಎಂದು ಕೇಳುತ್ತಿದ್ದಳು. ಒಮ್ಮೆ ಹಸು ಮೇವು ಬಿಟ್ಟಿತ್ತು. ಅವಳು ತನ್ನ ದೇವರಿಗೆಲ್ಲ ಹೇಳಿಕೊಂಡ ಮೇಲೆ ಕಿಟಕಿಯ ಹತ್ತಿರ ಬಂದು, "ನಿಮ್ ಪ್ರಾರ್ಥ್ನೇಲಿ ನಮ್ ಹಸೂನೂ ಒಸಿ ಸೇರಿಸ್ಬುಡಿ ಸಾಮಣ್ಣ, ಎಂಗಿದ್ರೂ ನಿಮ್ದು ಜೋರಾಗೇ ಇರ್ತದೆ" ಎಂದಳು. ಕೃಪಾ ಅವತ್ತಿನಿಂದ ಆ ಹಸುವನ್ನು ಒಂದು ದಿನವೂ ಬಿಡದೆ ಪ್ರಾರ್ಥಿಸಿದಳು. ಹಸು ಚೇತರಿಸಿಕೊಂಡಿತು, ಗಬ್ಬವೂ ಆಯಿತು.

ಈ ಚಾಳಿ ನನ್ನಿಂದ ಶುರುವಾದದ್ದಲ್ಲ ಎಂದು ಹೇಳಿದರೆ ತಪ್ಪಿಸಿಕೊಂಡ ಹಾಗಾಗುತ್ತದೆ; ಆದರೂ ಹೇಳುತ್ತೇನೆ. ನನ್ನ ಅವ್ವ ಈಗ ಚಾಮರಾಜನಗರದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಳೆ. ನಾವು ಚಿಕ್ಕವರಿದ್ದಾಗ ಅವಳೂ ಹೀಗೆಯೇ ಚಾಪೆಯ ಮೇಲೆ ಕೂತು, "ಯೇಸಪ್ಪಾ, ಸಂತೆಗೆ ಓಗಿ ಬದ್ನೆಕಾಯಿ ತಾ ಅಂದ್ರ ಬರೀ ಉಳುಕ್ಲೇ ತತ್ತನ ಕಣಪ್ಪ ಇವ್ನು, ಇವ್ನ ಕಣ್ಗ ಒಸಿ ಬೆಳ್ಕ ಕೊಡು" ಎಂದು ಅಪ್ಪನ ವಿಷಯ ಹೇಳಿಕೊಳ್ಳುತ್ತಿದ್ದಳು. ಅಪ್ಪ ಎಲ್ಲರಿಗಿಂತ ಜೋರಾಗಿ ಆಮೆನ್ ಹೇಳಿ, ಮುಂದಿನ ಸಂತೆಯಲ್ಲಿ ಮತ್ತೆ ಹುಳುಕೇ ತರುತ್ತಿದ್ದ. ಅವ್ವ ಹಾಗೆ ಅಪ್ಪನನ್ನು ಬೈದಳೇ ಹೊರತು ನಾವು ಮಕ್ಕಳು ದೇವರಿಗೆ ಏನು ಹೇಳಿದೆವೋ ಅದನ್ನು ಎತ್ತಿ ಆಡಿದ್ದು ನನಗೆ ನೆನಪಿಲ್ಲ. ಈ ವ್ಯತ್ಯಾಸ ನನಗೆ ಹೊಳೆದದ್ದು ಬಹಳ ತಡವಾಗಿ.

ಇನ್ನು ಕೃಪಾ. ಅವಳಿಗೆ ನಾನು ಪ್ರಾರ್ಥನೆ ಕಲಿಸುವಾಗ ಹೇಳಿದ್ದು ಒಂದೇ ಮಾತು: "ದೇವರ ಹತ್ತಿರ ಏನು ಬೇಕಾದರೂ ಹೇಳಬಹುದು, ಅವನು ಯಾರಿಗೂ ಹೇಳುವುದಿಲ್ಲ." ಅವಳು ಅದನ್ನು ನಂಬಿದಳು. ಅವಳ ಪ್ರಾರ್ಥನೆ ಶುರುವಾಗುತ್ತಿದ್ದುದೇ "ಯೇಸಪ್ಪಾ, ಊಟ ಆಯ್ತಾ?" ಎಂದು. ನಮ್ಮ ಕಡೆ ಯಾರಾದರೂ ಸಿಕ್ಕಿದರೆ ಮೊದಲು ಕೇಳುವುದು ಅದೇ ಅಲ್ಲವೇ? ದೇವರಿಗೆ ಉತ್ತರ ಕೊಡಲು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ವರದಿ. ಬಸ್ ಸ್ಟ್ಯಾಂಡ್ ಹಿಂದಿನ ನಾಯಿ ಮರಿ ಹಾಕಿದೆ, ಒಂದು ಮರಿ ಇನ್ನೂ ಕಣ್ಣು ಬಿಟ್ಟಿಲ್ಲ, ನೋಡಿಕೋ. ಪಕ್ಕದಲ್ಲಿ ಕೂರುವ ಹುಡುಗಿ ರಬ್ಬರ್ ಕೊಡಲಿಲ್ಲ, ಅವಳಿಗೆ ಹೊಟ್ಟೆನೋವು ಕೊಡು ಅಂತ ಕೇಳಿದ್ದೆ, ಈಗ ಬೇಡ ಬಿಡು, ಕೊಟ್ಟುಬಿಟ್ಟಳು. ಅಮ್ಮ ಮಾಡಿದ ಚಿತ್ರಾನ್ನ ಚೆನ್ನಾಗಿತ್ತು, ನಿನಗೆ ಥ್ಯಾಂಕ್ಸ್. ಆಶೀಶ ಕಿಸಕ್ಕೆಂದು ನಗುತ್ತಿದ್ದ, ಸುಗುಣ ತುಟಿ ಕಚ್ಚಿಕೊಳ್ಳುತ್ತಿದ್ದಳು. ನಾನು ಮರುದಿನ ಬಸ್ ಸ್ಟ್ಯಾಂಡಿಗೆ ಹೋಗಿ ಡ್ರೈವರುಗಳಿಗೆಲ್ಲ ಹೇಳಿ ನಗಿಸುತ್ತಿದ್ದೆ. "ಏನಂದ್ಲಲಾ ಸಾಮಣ್ಣ ಇವತ್ತು ನಿನ್ ಮಗ್ಳು ದೇವ್ರಿಗೆ?" ಎಂದು ಅವರೇ ಟೀ ಹಿಡಿದುಕೊಂಡು ಬಂದು ಕೇಳುವ ಮಟ್ಟಕ್ಕೆ ಬಂತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದು ದೇವರ ಪರವಾಗಿ. ನನ್ನ ಪರವಾಗಿ ನಾನು ಏನೂ ಹೇಳಿರಲಿಲ್ಲ ನೋಡಿ.

ಹೋದ ವರ್ಷ ಸಂಡೆ ಸ್ಕೂಲಿನಲ್ಲಿ ವಾಕ್ಯ ಕಂಠಪಾಠದ ಸ್ಪರ್ಧೆ ಇಟ್ಟಿದ್ದರು. ಕೃಪಾ ಎದ್ದು ನಿಂತು, ಕೈ ಮುಗಿದು, ತಲೆ ಬಗ್ಗಿಸಿ, ಅಷ್ಟುದ್ದದ ವಾಕ್ಯವನ್ನು ಒಂದು ಅಕ್ಷರ ತಪ್ಪದೆ ಹೇಳಿದಳು. ಮಿಕ್ಕ ಮಕ್ಕಳೆಲ್ಲ ಕೈ ಕಟ್ಟಿಕೊಂಡು ಹೇಳಿದರೆ ಇವಳೊಬ್ಬಳು ಕೈ ಮುಗಿದಳಲ್ಲ, ಎಂಥ ಭಕ್ತಿ ಎಂದು ಟೀಚರ್ ಮೆಚ್ಚಿ ಮೊದಲ ಬಹುಮಾನ ಕೊಟ್ಟರು. ಮುಚ್ಚಳದ ಒಳಗೆ ಕನ್ನಡಿ ಇದ್ದ ಪೆನ್ಸಿಲ್ ಡಬ್ಬಿ. ನಾನು ಅದನ್ನು ಟಿವಿಯ ಪಕ್ಕದಲ್ಲಿ, ಬಂದವರಿಗೆ ಮೊದಲು ಕಾಣುವ ಹಾಗೆ ನಿಲ್ಲಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿಸಿದ್ದಂತೂ ಹೇಳಬೇಕಾಗಿಲ್ಲ. ತೆರಕಣಾಂಬಿಯ ಬಸ್ ಹೊರಡುವ ಘೋಷಣೆಯ ನಡುವೆ ಅದನ್ನು ಸೇರಿಸದೆ ಬಿಟ್ಟದ್ದೇ ದೊಡ್ಡದು.

ಆ ವಾರದ ನಡುವೆ ಒಂದು ಸಂಜೆ ಎಂದಿನಂತೆ ಕೃಪಾ ಶುರು ಮಾಡಿದಳು. "ಯೇಸಪ್ಪಾ, ಊಟ ಆಯ್ತಾ? ಭಾನುವಾರ ವಾಕ್ಯ ನನಗೆ ಬರ್ತಿರ್ಲಿಲ್ಲ. ಅಂಗೈಯಲ್ಲಿ ಪೆನ್ನಲ್ಲಿ ಬರ್ಕೊಂಡಿದ್ದೆ. ಕೈ ಮುಗಿದು ಮಧ್ಯೆ ಇಣುಕಿ ನೋಡ್ಕೊಂಡು ಹೇಳ್ದೆ. ಆ ಡಬ್ಬೀಲಿ ಇನ್ನೂ ಒಂದು ಪೆನ್ಸಿಲ್ಲೂ ಇಟ್ಟಿಲ್ಲ. ಕ್ಷಮಿಸ್ಬಿಡು, ಆಮೇಲೆ..."

"ಏನಂದೆ?" ಎಂದೆ.

ಪ್ರಾರ್ಥನೆಯ ನಡುವೆ ಹೀಗೆ ಕೇಳಿದವರು ನಮ್ಮ ವಂಶದಲ್ಲೇ ಯಾರೂ ಇರಲಿಲ್ಲ. ಸುಗುಣ ಕಣ್ಣು ಮುಚ್ಚಿಕೊಂಡೇ "ರೀ" ಎಂದಳು. ಕೃಪಾಳ ಕಣ್ಣು ಮುಚ್ಚಿದ ಹಾಗೆಯೇ ಇತ್ತು, ಬಾಯಿ ತೆರೆದಿತ್ತು. ದೇವರ ಜೊತೆಗಿನ ಮಾತು ಮುಗಿಸಬೇಕೋ ಅಪ್ಪನಿಗೆ ಉತ್ತರ ಕೊಡಬೇಕೋ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಯಾರಿಗೂ ಕೇಳಿಸದ ಹಾಗೆ "ಆಮೆನ್" ಎಂದಳು. ನಾನು ಬಿಡಲಿಲ್ಲ. ಸುಳ್ಳು, ಮೋಸ, ಅದೂ ದೇವರ ವಾಕ್ಯದಲ್ಲಿ ಎಂದು ದೊಡ್ಡ ಉಪದೇಶ ಕೊಟ್ಟೆ. ಅವಳು ಅದನ್ನೇ ದೇವರಿಗೆ ಹೇಳಿ ಕ್ಷಮೆ ಕೇಳುತ್ತಿದ್ದಳು, ನಾನು ಅಡ್ಡ ಬಾಯಿ ಹಾಕಿದ್ದೆ ಎಂಬುದು ಆ ಹೊತ್ತಿಗೆ ನನ್ನ ತಲೆಗೆ ಹೋಗಲಿಲ್ಲ. ಡಬ್ಬಿಯನ್ನು ವಾಪಸ್ ಕೊಡಿಸುತ್ತೇನೆ ಎಂದೆ. ಕೊಡಿಸುವುದರಲ್ಲಿ ತಪ್ಪಿರಲಿಲ್ಲ. ಕೊಡಿಸಿದ ರೀತಿ ಇದೆಯಲ್ಲ, ಅದನ್ನು ನೆನೆದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ಭಾನುವಾರ ಅವಳ ಕೈ ಹಿಡಿದುಕೊಂಡು ಸಂಡೆ ಸ್ಕೂಲಿಗೆ ಹೋದೆ. ಸುಗುಣ ಹಿಂದೆಯೇ ಬಂದಳು. ಟೀಚರ್ ಇನ್ನೂ ಕಾಲೇಜು ಓದುವ ಹುಡುಗಿ. ವಿಷಯ ಕೇಳಿ, "ಓಗ್ಲಿ ಬುಡಿ ಅಣ್ಣ, ಚಿಕ್ಮಗು. ಅವ್ಳೇ ಹೇಳ್ಕೊಂಡ್ಳಲ್ಲ, ಸಾಕು" ಎಂದಳು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಮನುಷ್ಯನಾಗುತ್ತಿದ್ದೆ. "ಹಾಗಲ್ಲ ಟೀಚರ್, ಎಲ್ಲರ ಮುಂದೆ ಬಹುಮಾನ ತಗೊಂಡಿದ್ದಾಳೆ, ಎಲ್ಲರ ಮುಂದೆ ಹೇಳಲಿ" ಎಂದೆ. ಕೃಪಾ ಮಕ್ಕಳ ಮುಂದೆ ಡಬ್ಬಿ ಹಿಡಿದು ನಿಂತಳು. ಬಾಯಿ ತೆರೆದಳು, ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದಳು. ಆಗ ನಾನು, ಸಹಾಯ ಮಾಡೋಣ ಎಂದು, ಅವಳ ಪರವಾಗಿ ನಾನೇ ಹೇಳಿದೆ. ನಾನು ಹೇಳುವುದು ಎಂದರೆ ನಿಮಗೆ ಗೊತ್ತಾಯಿತಲ್ಲ. ಮೇಲೆ ತಗಡಿನ ಸೂರು. ಆರಾಧನೆ ಮುಗಿಸಿ ಆಚೆ ಚಪ್ಪಲಿ ಹುಡುಕುತ್ತಿದ್ದ ದೊಡ್ಡವರೆಲ್ಲ ಬಾಗಿಲಿಗೆ ಬಂದು ಇಣುಕಿದರು. ನನ್ನ ಮಗಳು ಅಳಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದು ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ನೋಡಿ, ಬಂದು ಅಮ್ಮನ ಆ ಬದಿಗೆ ನಿಂತುಕೊಂಡಳು. ಮನೆಗೆ ನಡೆದು ಬರುವಾಗಲೂ ಆ ಬದಿಯಲ್ಲೇ ಬಂದಳು.

ಅವತ್ತಿನ ಸಂಜೆಯಿಂದ ಕೃಪಾಳ ಪ್ರಾರ್ಥನೆ ಬದಲಾಯಿತು. ಕರ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಇದೆಯಲ್ಲ, ಎಲ್ಲರಿಗೂ ಬಾಯಿಪಾಠ ಇರುವುದು, ಅದನ್ನೇ ಹೇಳತೊಡಗಿದಳು. ಅದೂ ರಾತ್ರಿ ಕಾಡಿನ ಗೇಟು ಮುಚ್ಚುವ ಮುಂಚೆ ಬಂಡೀಪುರ ದಾಟಬೇಕಾದ ಬಸ್ಸಿನ ಹಾಗೆ, ಎಲ್ಲಿಯೂ ನಿಲ್ಲಿಸದೆ, ಒಂದೇ ಉಸಿರಿಗೆ. ಊಟ ಆಯ್ತಾ ಇಲ್ಲ, ನಾಯಿಮರಿ ಇಲ್ಲ, ಚಿತ್ರಾನ್ನ ಇಲ್ಲ. ಮೊದಮೊದಲು ನನಗೆ ಖುಷಿಯೇ ಆಯಿತು. ಕೊನೆಗೂ ಹುಡುಗಿ ಶಿಸ್ತಾಗಿ ಪ್ರಾರ್ಥನೆ ಕಲಿತಳು ಎಂದುಕೊಂಡೆ. ದಿನ ಕಳೆದಂತೆ ಮನೆಯಲ್ಲಿ ಏನೋ ಕಳೆದುಹೋದ ಹಾಗೆ ಅನ್ನಿಸತೊಡಗಿತು. ಬಸ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು "ಏನಂದ್ಲಲಾ?" ಎಂದು ಕೇಳಿದರೆ "ಏನಿಲ್ಲ ಬುಡ್ರಪ್ಪ" ಎನ್ನುತ್ತಿದ್ದೆ. ನೀಲಕ್ಕನೂ ಒಂದು ದಿನ ಬೆಳಗ್ಗೆ ತಡೆದು, "ಯಾಕ್ ಸಾಮಣ್ಣ, ಕೂಸಿನ್ ಸದ್ದೇ ಇಲ್ವಲ್ಲ? ಹಸ ಕರ ಹಾಕ್ಯದೆ, ಹೆಣ್ಗರ. ಆ ದೇವ್ರಿಗೆ ಒಂದ್ ಮಾತ ಹೇಳ್ಬುಡು ಅನ್ನಿ ಕೃಪಮ್ಮಂಗೆ. ಪಾಪ, ಅಷ್ಟ್ ದಿನ ಕೇಳ್ಕಂಡಿದ್ಲು" ಎಂದಳು.

ಸಂಜೆ ಅದನ್ನೇ ನೆಪ ಮಾಡಿಕೊಂಡು ಮಗಳ ಪಕ್ಕ ಕೂತೆ. "ಯಾಕವ್ವ, ಮೊದಲಿನ ಹಾಗೆ ನಿನ್ನ ಮಾತಲ್ಲೇ ಪ್ರಾರ್ಥನೆ ಮಾಡಲ್ಲ?" ಎಂದೆ.

"ಮಾಡ್ತೀನಿ" ಎಂದಳು, ಬಣ್ಣ ಹಚ್ಚುತ್ತಿದ್ದ ಚಿತ್ರದಿಂದ ತಲೆ ಎತ್ತದೆ.

"ಯಾವಾಗ? ನಾನು ಕೇಳೇ ಇಲ್ಲ."

"ನೀನು ಡ್ಯೂಟಿಗೆ ಹೋದಾಗ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಸ್ಕೂಲ್ ವ್ಯಾನ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದಳು. ಹೇಳಿ, ಹಸಿರು ಬಣ್ಣ ಮೊಂಡಾಗಿದೆ, ಬರುವಾಗ ತಂದುಕೊಡು ಎಂದಳು.

ತಪ್ಪಾಯಿತು ಎಂದು ಅವಳಿಗೆ ಅಲ್ಲೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮನೆಯ ವಿಷಯವನ್ನೆಲ್ಲ ದೇವರ ಮೂಲಕವೇ ಹೇಳಿ ರೂಢಿಯಾದವನಿಗೆ ನೇರವಾಗಿ ಹೇಗೆ ಹೇಳುವುದು ಎಂದೇ ಗೊತ್ತಿರಲಿಲ್ಲ. ಅವತ್ತು ನನ್ನ ಸರದಿಯಲ್ಲಿ, "ಕರ್ತನೇ, ಮಕ್ಕಳ ಮನಸ್ಸು ನೋಯಿಸುವ ತಂದೆಯರನ್ನು ಕ್ಷಮಿಸು" ಎಂದೆ. ತಂದೆಯರು ಎಂದು ಪ್ರಪಂಚದ ಅಪ್ಪಂದಿರನ್ನೆಲ್ಲ ಸೇರಿಸಿಕೊಂಡೆ. ಗುಂಪಿನಲ್ಲಿ ನಿಂತರೆ ನಾಚಿಕೆ ಕಡಿಮೆ. ಆಮೇಲೆ ಸುಗುಣ ಅಡುಗೆಮನೆಯಲ್ಲಿ ತಟ್ಟೆ ಜೋಡಿಸುತ್ತಾ, "ಅದನ್ನ ಅವಳ ಹತ್ರ ಹೇಳಿ. ದೇವರ ಮೇಲೆ ಯಾಕೆ ಹಾಕ್ತೀರ?" ಎಂದಳು.

ಆಗ ನನಗೊಂದು ಉಪಾಯ ಹೊಳೆಯಿತು. ನಾನು ನನ್ನ ತಪ್ಪೊಂದನ್ನು ಎಲ್ಲರೆದುರು ದೇವರಿಗೆ ಒಪ್ಪಿಕೊಂಡರೆ ಮಗಳಿಗೂ ಧೈರ್ಯ ಬರುತ್ತದೆ ಎಂದುಕೊಂಡೆ. ಡಾಕ್ಟರು ನನಗೆ ಕರಿದದ್ದು ಮುಟ್ಟಲೇಬಾರದು ಎಂದಿದ್ದಾರೆ. ಮರುದಿನ ಸಂಜೆ ಕಣ್ಣು ಮುಚ್ಚಿ, ಸಾಧ್ಯವಾದಷ್ಟು ದೀನನಾಗಿ, "ದೇವರೇ, ನಾನು ದಿನಾ ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಬೋಂಡ ತಿನ್ನುತ್ತೇನೆ, ನನ್ನನ್ನು..." ಎನ್ನುವಷ್ಟರಲ್ಲಿ ಸುಗುಣ ಕಣ್ಣು ಬಿಟ್ಟು "ದಿನಾನಾ?" ಎಂದಳು. ಕ್ಷಮಿಸು ಎಂಬ ಮಾತಿಗೆ ನಾನು ಇನ್ನೂ ಬಂದಿರಲಿಲ್ಲ. ಪ್ರಾರ್ಥನೆ ಅಲ್ಲೇ ನಿಂತಿತು. ಡಾಕ್ಟರು, ಮಾತ್ರೆ, ನನ್ನ ಹೊಟ್ಟೆ, ನನ್ನ ಅಪ್ಪನ ಹೃದಯ, ಎಲ್ಲ ಬಂತು. ಕಿಟಕಿಯ ಆಚೆ ನೀಲಕ್ಕನ ಹಾಲು ಕರೆಯುವ ಸದ್ದು ನಿಂತದ್ದೂ ಗೊತ್ತಾಯಿತು. ಮರುದಿನ ಹೋಟೆಲಿಗೆ ಹೋದರೆ ಅಲ್ಲಿಯವನು, "ಇಲ್ಲ ಸಾಮಣ್ಣ, ನಿಂಗೆ ಕೊಡ್ಬ್ಯಾಡ ಅಂತ ನೀಲಮ್ಮನೋರು ಹಾಲು ಹಾಕಕ್ ಬಂದಾಗ ಹೇಳ್ಬುಟ್ ಓಗವ್ರೆ" ಎಂದು ಬರಿಯ ಟೀ ಕೊಟ್ಟ.

ಹಿಂದಿನ ಸಂಜೆ ಆ ಗಲಾಟೆಯೆಲ್ಲ ಮುಗಿದು ನಾನು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾಗ ಕೃಪಾ ಹತ್ತಿರ ಬಂದಿದ್ದಳು. ಬಹಳ ದಿನದ ಮೇಲೆ ತಾನಾಗಿ ಬಂದದ್ದು. ನನ್ನ ಮೊಣಕೈ ಹಿಡಿದುಕೊಂಡು, "ಮನಸಲ್ಲೇ ಹೇಳ್ಕೋಬೇಕಾಗಿತ್ತು ಅಪ್ಪ" ಎಂದಳು. ನಗುತ್ತಿರಲಿಲ್ಲ. ನಿಜವಾಗಿಯೂ ಅವಳಿಗೆ ನನ್ನ ಮೇಲೆ ಕನಿಕರ ಹುಟ್ಟಿತ್ತು. ನಾನು ಕಲಿಸಿದ ಪ್ರಾರ್ಥನೆಯಿಂದ ನನ್ನ ಮಗಳು ಕಲಿತದ್ದು ಇದು ಎಂದು ಆಗ ನನಗೆ ಪೂರ್ತಿ ಅರ್ಥವಾಯಿತು.

ಬೇಸಿಗೆ ರಜೆಯಲ್ಲಿ ಅವಳನ್ನು ಚಾಮರಾಜನಗರಕ್ಕೆ, ನನ್ನ ಅವ್ವನ ಹತ್ತಿರ ಬಿಟ್ಟಿದ್ದೆವು. ಕರೆದುಕೊಂಡು ಬರಲು ಹೋದವನು ತಂಗಿಯ ಮನೆ ಮುಟ್ಟುವ ಹೊತ್ತಿಗೆ ಮುಸ್ಸಂಜೆ. ತಂಗಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಬಾಗಿಲು ಅರ್ಧ ತೆಗೆದಿತ್ತು. ಕೂಗಬೇಕೆಂದು ಬಾಯಿ ತೆರೆದವನು ಒಳಗಿನ ದನಿ ಕೇಳಿ ಚಪ್ಪಲಿಯನ್ನು ಕೈಗೆತ್ತಿಕೊಂಡು ಅಲ್ಲೇ ನಿಂತೆ.

"ಯೇಸಪ್ಪಾ, ಊಟ ಆಯ್ತಾ?" ಎಂದಿತು ನನ್ನ ಮಗಳ ದನಿ.

ಆಮೇಲೆ ಒಂದು ಗಳಿಗೆ ಬಿಟ್ಟಳು. ಒಳಗೆ ಅವ್ವ "ಹೂಂ, ಹೇಳು ಕೂಸೇ" ಎಂದು ಗೊಣಗಿದಳು, ಅರ್ಧ ನಿದ್ದೆಯಲ್ಲಿ. ಕೃಪಾ ಹೇಳಿದಳು. ಎಲ್ಲವೂ ಬಂತು. ಅಜ್ಜಿಯ ಸೊಂಟ ಬಂತು, ನೀಲಜ್ಜಿಯ ಕರು ಬಂತು, ಅದಕ್ಕೆ ತಡವಾಗಿ ಥ್ಯಾಂಕ್ಸ್ ಬಂತು. ಸಂಡೆ ಸ್ಕೂಲಿನ ಮಕ್ಕಳು ಇನ್ನೂ ಅಂಗೈ ತೋರಿಸಿ ಆಡಿಕೊಳ್ಳುತ್ತಾರೆ, ಅದು ನಿಲ್ಲಲಿ ಎಂದು ಬಂತು. ಅದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ, "ಅಪ್ಪ ಬೋಂಡ ತಿಂದ್ರೂ ಅವನಿಗೆ ಏನೂ ಆಗ್ದಂಗೆ ನೋಡ್ಕೋ" ಎಂದಳು. ಅದಾದ ಮೇಲೆ ಇನ್ನೊಂದು ಮಾತು ಹೇಳಿದಳು, ಸ್ವಲ್ಪ ಮೆಲ್ಲಗೆ. ಕೊನೆಗೆ, "ಇದನ್ನೆಲ್ಲ ಅಪ್ಪಂಗೆ ಹೇಳ್ಬೇಡ. ಹೇಳಿದ್ರೆ ಬಸ್ ಸ್ಟ್ಯಾಂಡಲ್ಲೆಲ್ಲ ಹೇಳ್ಬಿಡ್ತಾನೆ. ಆಮೆನ್."

ಅವ್ವ "ಆಮೆನ್" ಎಂದಳು. ಆಚೆ ನಿಂತ ನನಗೂ ಆಮೆನ್ ಎನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಬರಿಗಾಲಲ್ಲಿ ಗೇಟಿನ ತನಕ ಹಿಂದಕ್ಕೆ ಹೋಗಿ, ಚಪ್ಪಲಿ ಹಾಕಿಕೊಂಡು, ಬೀದಿಯ ತುದಿ ಮುಟ್ಟಿ, ಅಲ್ಲಿಂದ ಕೆಮ್ಮುತ್ತಾ ವಾಪಸ್ ಬಂದೆ. ಅವ್ವ ಬಾಗಿಲಿಗೆ ಬಂದು, "ಏನ್ಲಾ ಮಗ, ಬೀದಿ ಕೊನೇಗೆ ಕೇಳಿಸ್ತದ ನಿನ್ ಕೆಮ್ಮು, ನೆಗ್ಡಿಯಾ? ಬಾ, ಕಾಫಿ ಕಾಯಿಸ್ತೀನಿ" ಎಂದಳು.

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಕೃಪಾ ಕಿಟಕಿ ಪಕ್ಕ ಕೂತಿದ್ದಳು. ತೆರಕಣಾಂಬಿ ದಾಟುವ ತನಕ ಧೈರ್ಯ ಒಟ್ಟು ಮಾಡಿಕೊಂಡೆ. ಈ ಸಲ ದೇವರನ್ನು ನಡುವೆ ತರಲಿಲ್ಲ. "ಕೃಪಾ, ಅವತ್ತು ಸಂಡೆ ಸ್ಕೂಲಲ್ಲಿ ನಿನ್ನನ್ನ ಎಲ್ಲರ ಮುಂದೆ ನಿಲ್ಲಿಸಬಾರದಾಗಿತ್ತು ಕಣವ್ವ. ನೀನು ದೇವರಿಗೆ ಹೇಳಿದ್ದನ್ನ ನಾನು ಊರಿಗೆ ಹೇಳಬಾರದಾಗಿತ್ತು. ನನ್ನದು ತಪ್ಪು" ಎಂದೆ.

ಅವಳು ತಿರುಗಿ ನೋಡಿದಳು. ಅವಳು ಮಾತ್ರ ಅಲ್ಲ. ಮುಂದಿನ ಸೀಟಿನ ಇಬ್ಬರು ಹೆಂಗಸರು, ಅದರ ಮುಂದಿನ ಕೇರಳದ ಬಾಳೆಕಾಯಿ ವ್ಯಾಪಾರಿ, ಟಿಕೆಟ್ ಹರಿಯುತ್ತಿದ್ದ ನನ್ನ ಹಳೆಯ ಸ್ನೇಹಿತ ಕಂಡಕ್ಟರ್, ಎಲ್ಲರೂ ತಿರುಗಿ ನೋಡಿದರು. ಕೃಪಾ ನನ್ನ ಕಿವಿಯ ಹತ್ತಿರ ಬಂದು, "ಸರಿ ಅಪ್ಪ. ಮೆಲ್ಲಗೆ ಮಾತಾಡು, ಬಸ್ಸಿಗೆಲ್ಲ ಕೇಳಿಸ್ತದೆ" ಎಂದಳು. ಹೇಳಿ ಮತ್ತೆ ಕಿಟಕಿಯ ಆಚೆ ನೋಡುತ್ತಾ ಕೂತಳು. ಆದರೆ ಕೈಯನ್ನು ನನ್ನ ತೋಳಿನ ಮೇಲೆ ಮರೆತು ಬಿಟ್ಟಿದ್ದಳು. ಗುಂಡ್ಲುಪೇಟೆ ಬರುವ ತನಕ ನಾನು ಆ ತೋಳು ಅಲ್ಲಾಡಿಸಲಿಲ್ಲ.

ಅವತ್ತು ಸಂಜೆ ಪ್ರಾರ್ಥನೆಯಲ್ಲಿ ಪವಾಡವೇನೂ ನಡೆಯಲಿಲ್ಲ. ಕೃಪಾ ಅದೇ ಬಾಯಿಪಾಠ ಹೇಳಿ ಎಂದಿನ ವೇಗದಲ್ಲಿ ಕಾಡು ದಾಟಿದಳು. ಈಗಲೂ ದಾಟುತ್ತಿದ್ದಾಳೆ. ಕ್ಷಮಿಸಿದ್ದಾಳೆ, ನಂಬಿಲ್ಲ, ಎರಡೂ ಬೇರೆ ಬೇರೆ ಎಂದು ನನಗೆ ಈಗ ಗೊತ್ತು. ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯಲಿಲ್ಲ. ಕಣ್ಣು ಮುಚ್ಚಿಕೊಂಡು ಮನಸಲ್ಲೇ ಹೇಳಿಕೊಂಡೆ. ಅಭ್ಯಾಸವಿಲ್ಲದ ಕೆಲಸ, ಎರಡು ಸಲ ತುಟಿ ತಾನಾಗಿ ತೆರೆದುಕೊಂಡಿತು. ಆಶೀಶ ಕಾದು ಕಾದು, "ಅಪ್ಪಾ, ಮರೆತೋಯ್ತಾ?" ಎಂದ. ಸುಗುಣ ಅವನ ತೊಡೆ ಚಿವುಟಿದಳು. ನಾನು ಕೇಳಿಕೊಂಡದ್ದು ಇಷ್ಟೇ: ದೇವರೇ, ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಂಡೆ ಎಂದು ಅವಳಿಗೆ ಹೇಳಬೇಡ.

ಮಾರನೆಯ ಬೆಳಗ್ಗೆ ನೀಲಕ್ಕ ಕರುವಿನ ಕತ್ತು ತುರಿಸುತ್ತಾ, "ಯಾಕ್ ಸಾಮಣ್ಣ, ನೆನ್ನೆ ನಿಮ್ ಸದ್ದೇ ಇಲ್ಲ? ಪ್ರಾರ್ಥ್ನೆ ಮಾಡ್ನಿಲ್ವಾ?" ಎಂದಳು.

"ಮಾಡ್ದೆ ಅಕ್ಕ" ಎಂದೆ.

"ಏನ್ ಕೇಳ್ಕಂಡ್ರಿ?"

ಹೇಳಲಿಲ್ಲ. ನೀಲಕ್ಕನಿಗೆ ಗೊತ್ತಿಲ್ಲದ ಒಂದು ವಿಷಯ ನನ್ನ ಹತ್ತಿರ ಇದ್ದದ್ದು ಅದೇ ಮೊದಲು. ಬಸ್ ಸ್ಟ್ಯಾಂಡಿನ ತನಕ ಅದನ್ನು ಬಾಯಿಗೆ ಬರಗೊಡದೆ ಹೊತ್ತುಕೊಂಡು ಹೋದೆ. ಡ್ರೈವರುಗಳಿಗೂ ಹೇಳಲಿಲ್ಲ. ನಾನೂ ಸುಧಾರಿಸಿದೆ ಎಂದು ಹೆಮ್ಮೆಪಟ್ಟುಕೊಂಡೆ. ಹೆಮ್ಮೆಪಟ್ಟುಕೊಂಡು, ಈಗ ಇದನ್ನೆಲ್ಲ ನಿಮ್ಮೆದುರು ಬಿಚ್ಚಿ ಕೂತಿದ್ದೇನೆ ನೋಡಿ. ಮಗಳು ದೇವರಿಗೆ ಕೊಟ್ಟ ಎಚ್ಚರಿಕೆ ಎಷ್ಟು ಸರಿಯಾಗಿತ್ತು! ಅವಳು ಮೆಲ್ಲಗೆ ಹೇಳಿದ ಆ ಇನ್ನೊಂದು ಮಾತನ್ನು ಮಾತ್ರ ಇಲ್ಲಿ ಬರೆದಿಲ್ಲ. ದಯವಿಟ್ಟು ನೀವೂ ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ.